35 ಸಾವಿರದ ಗ್ರಾಫಿಕ್ಸ್ ಕಾರ್ಡ್: ಹಸಿರು (ಎನ್‌ವಿಡಿಯಾ) ಬಿಟ್ಟು ಕೆಂಪಿಗೆ (ಎಎಂಡಿ) ಹೋಗಬಹುದಾ?

ಗುಮ್ಮಟ_ಗೇಮರ್ (ವಿಜಯಪುರ):

ಎಲ್ಲರಿಗೂ ನಮಸ್ಕಾರ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು, ಯಾವುದು ಅಂತ ತಲೆ ಕೆಟ್ಟು ಹೋಗಿದೆ. ಈಗ ಇರುವುದು ಜಿಟಿಎಕ್ಸ್ 1060, 6 ಜಿಬಿ. ಅಣ್ಣ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಪಿಸಿ ನನಗೆ ಬಿಟ್ಟು ಹೋಗಿದ್ದ. 2016ರ ಮಾಡೆಲ್, ಆದರೂ ಇಷ್ಟು ವರ್ಷ ಒಂದು ತಕರಾರು ಮಾಡಲಿಲ್ಲ. ಈಗ ಹೊಸ ಗೇಮ್ ಹಾಕಿದರೆ ಏದುಸಿರು ಬಿಡುತ್ತದೆ, ಅದೂ ಅಲ್ಲದೆ ಆ ಪೀಳಿಗೆಯ ಕಾರ್ಡುಗಳಿಗೆ ಗೇಮ್ ರೆಡಿ ಡ್ರೈವರ್ (ಹೊಸ ಗೇಮ್‌ಗಳಿಗೆ ಕಾರ್ಡನ್ನು ಹೊಂದಿಸುವ ಸಾಫ್ಟ್‌ವೇರ್) ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ. ಇನ್ನು 2028ರ ಅಕ್ಟೋಬರ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಅಷ್ಟೇ.

ಬಜೆಟ್ 35 ಸಾವಿರ. ತೀರಾ ಅಂದರೆ ಎರಡು ಮೂರು ಸಾವಿರ ಮೇಲೆ. ಹುಬ್ಬಳ್ಳಿ, ಸೋಲಾಪುರ ಎರಡೂ ಕಡೆ ಫೋನ್ ಮಾಡಿ ಕೇಳಿದೆ. ಆರ್‌ಟಿಎಕ್ಸ್ 5060 8 ಜಿಬಿಗೆ 31,500 ಅಂದರು. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ 37,500. ಇಂಟೆಲ್ ಆರ್ಕ್ ಬಿ580 12 ಜಿಬಿಗೆ 26,500. ಇಲ್ಲಿ ವಿಜಯಪುರದಲ್ಲಿ ಕೇಳಿದರೆ ಎಲ್ಲರೂ ಒಂದೇ ಮಾತು, "ಎನ್‌ವಿಡಿಯಾ ತರಿಸಿ ಕೊಡುತ್ತೇವೆ, ಬೇರೆಯದು ಬೇಡ ಬಿಡಿ".

ಅಣ್ಣನದು ಇನ್ನೊಂದು ಕಥೆ. ಎಎಂಡಿ ತಗೊಂಡರೆ ರಾತ್ರಿ ಫೋನ್ ಮಾಡಿ ಅಳಬೇಡ ಅಂತಾನೆ. ಯಾಕೆ ಅಂತ ಕೇಳಿದರೆ ಸರಿಯಾದ ಕಾರಣ ಹೇಳಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಎನ್‌ವಿಡಿಯಾ ಹೆಸರಿಗೆ ಕೊಡುವ ರೊಕ್ಕದಲ್ಲಿ ನಿಜವಾಗಿ ಏನು ಸಿಗುತ್ತದೆ? ಮುಖ್ಯವಾಗಿ ಗೇಮ್, ಜೊತೆಗೆ ಸ್ವಲ್ಪ ಬ್ಲೆಂಡರ್ (ತ್ರೀಡಿ ಸಾಫ್ಟ್‌ವೇರ್) ಕಲಿಯುತ್ತಿದ್ದೇನೆ.


ಹಸಿರು_ಹುಲಿ (ಬೆಳಗಾವಿ):

ಇದರಲ್ಲಿ ಯೋಚನೆ ಮಾಡೋದು ಏನಿದೆ ದೋಸ್ತ? ಕಣ್ಣು ಮುಚ್ಚಿ 5060 ತಗೋ. ಡಿಎಲ್‌ಎಸ್‌ಎಸ್ (ಎಐ ಬಳಸಿ ಗೇಮ್‌ನ ಫ್ರೇಮ್ ಹೆಚ್ಚಿಸುವ ತಂತ್ರ) ಇದೆ, ಕರೆಂಟ್ ಕಡಿಮೆ ತಿನ್ನುತ್ತದೆ, ನಾಳೆ ಮಾರಿದರೂ ಒಳ್ಳೆ ರೇಟ್ ಬರುತ್ತದೆ. ಎಎಂಡಿ ಕಾರ್ಡ್ ಮಾರೋಕೆ ಹೋಗಿ ನೋಡು, ಗಿರಾಕಿಯೇ ಬರಲ್ಲ. ನಿಮ್ಮಣ್ಣ ಸರಿಯಾಗೇ ಹೇಳಿದ್ದಾನೆ.


ನವನಗರ_ಸ್ಟುಡಿಯೋ (ಬಾಗಲಕೋಟೆ):

ತಮ್ಮಾ, ನಾನು ಮದುವೆ ವಿಡಿಯೋ ಎಡಿಟಿಂಗ್ ಮಾಡುವವನು. ನನ್ನ ಎರಡೂ ಮಷಿನ್‌ನಲ್ಲಿ ಎನ್‌ವಿಡಿಯಾ ಇದೆ. ಹಾಗಂತ ಆ ಕಂಪನಿ ಮೇಲೆ ನನಗೇನೂ ಪ್ರೀತಿ ಇಲ್ಲ.

ಕಾರಣ ಇಷ್ಟೇ. ಕುಡಾ (CUDA) ಅಂತ, ಕಾರ್ಡಿನಿಂದ ಗೇಮ್ ಬಿಟ್ಟು ಬೇರೆ ಕೆಲಸ ಮಾಡಿಸುವ ಒಂದು ಪ್ಲಾಟ್‌ಫಾರ್ಮ್ ಇದೆ, ಎನ್‌ವಿಡಿಯಾ 2007ರಲ್ಲಿ ತಂದಿದ್ದು. ವಿಡಿಯೋ, ತ್ರೀಡಿ, ಎಐ ಸಾಫ್ಟ್‌ವೇರ್ ಮಾಡುವವರು ಬಹಳ ಜನ ಮೊದಲು ಅದಕ್ಕೆ ಬರೆಯುತ್ತಾರೆ, ಉಳಿದ ಕಾರ್ಡುಗಳ ಸರದಿ ಆಮೇಲೆ. ನಾನು ಬಳಸುವ ಕೆಲವು ಪ್ಲಗಿನ್ ಬೇರೆ ಕಾರ್ಡಿನಲ್ಲಿ ಓಡುವುದೇ ಇಲ್ಲ. ಇನ್ನೊಂದು, ಈಗಿನ ಕ್ಯಾಮೆರಾಗಳು 4:2:2 10 ಬಿಟ್‌ನಲ್ಲಿ (ಬಣ್ಣದ ಮಾಹಿತಿ ಜಾಸ್ತಿ ಇರುವ ಫಾರ್ಮ್ಯಾಟ್) ಶೂಟ್ ಮಾಡುತ್ತವೆ. ಆ ಫೈಲ್ ಟೈಮ್‌ಲೈನ್‌ಗೆ ಹಾಕಿದರೆ ಹಳೆ ಎನ್‌ವಿಡಿಯಾ ಕಾರ್ಡ್ ಕೈ ಎತ್ತುತ್ತಿತ್ತು, ಎಲ್ಲ ಭಾರ ಪ್ರೊಸೆಸರ್ ಮೇಲೆ. 50ರ ಸರಣಿಯಲ್ಲಿ (5060 ಥರದವು) ಅದಕ್ಕೆ ಹಾರ್ಡ್‌ವೇರ್ ಸಪೋರ್ಟ್ ಬಂತು. ಮಜಾ ಅಂದರೆ ಎಚ್.265 (ವಿಡಿಯೋ ಕುಗ್ಗಿಸುವ ಒಂದು ಬಗೆ) ಫೈಲಿನ ಮಟ್ಟಿಗೆ ಇಂಟೆಲ್ ಅದನ್ನು ಮೊದಲೇ ಕೊಟ್ಟಿತ್ತು, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ. ಯಾರೂ ಅದರ ಬಗ್ಗೆ ಮಾತೇ ಆಡಲಿಲ್ಲ, ಯಾಕೆಂದರೆ ಇಂಟೆಲ್ ಗ್ರಾಫಿಕ್ಸ್ ಅಂದರೆ ಆಫೀಸ್ ಪಿಸಿಗೆ ಅನ್ನೋ ಭಾವನೆ.

ಮದುವೆ ಸೀಸನ್‌ನಲ್ಲಿ ಒಂದು ದಿನ ಎಡಿಟಿಂಗ್ ನಿಂತರೆ ನನಗೆ ನಷ್ಟ. ಹಾಗಾಗಿ ನಾನು ಜಾಸ್ತಿ ರೊಕ್ಕ ಕೊಡುತ್ತೇನೆ, ಅದು ಧಂದೆಯ ಖರ್ಚು. ನಿನಗೆ ಆ ಅನಿವಾರ್ಯ ಇಲ್ಲ. ಬ್ಲೆಂಡರ್ ಕಲಿಕೆಗೆ ಎಎಂಡಿ ನಡೆಯುತ್ತದೆ, ಎಚ್‌ಐಪಿ ಅಂತ ಸೆಟ್ಟಿಂಗ್ ಇದೆ. ರೆಂಡರ್ (ಕೊನೆಯ ಚಿತ್ರ ತೆಗೆಯುವುದು) ಮಾತ್ರ ಎನ್‌ವಿಡಿಯಾದ ಆಪ್ಟಿಕ್ಸ್ ಸೆಟ್ಟಿಂಗ್‌ನಲ್ಲಿ ಬೇಗ ಮುಗಿಯುತ್ತದೆ, ಇದು ಸುಳ್ಳಲ್ಲ. ಮುಂದೆ ಅದೇ ಕೆಲಸ ಹಿಡಿಯುವ ಯೋಚನೆ ಇದ್ದರೆ ಈಗಲೇ ಹೇಳು, ಲೆಕ್ಕ ಬೇರೆ ಆಗುತ್ತದೆ.


ಕುಂದಾ_ಕೋರ್ (ಬೆಳಗಾವಿ):

ಸ್ಟುಡಿಯೋ ಅಣ್ಣ ಹೇಳಿದ್ದು ಸರಿ. ನಾನು ರೇಟಿನ ಬಗ್ಗೆ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ವಿಷಯ. ಯೂಟ್ಯೂಬ್‌ನಲ್ಲಿ 5060ಗೆ 299 ಡಾಲರ್ ಅಂತ ಕೇಳಿ ಇಲ್ಲಿ 31 ಸಾವಿರ ಅಂದರೆ ಅಂಗಡಿಯವನು ದೋಚುತ್ತಿದ್ದಾನೆ ಅಂತ ಬಹಳ ಜನ ಬೈಯುತ್ತಾರೆ. ಅಮೆರಿಕದ ರೇಟಿನಲ್ಲಿ ತೆರಿಗೆ ಸೇರಿರುವುದಿಲ್ಲ. ಡಾಲರಿಗೆ 90 ರೂಪಾಯಿ ಹಿಡಿಯಿರಿ, 299 ಡಾಲರ್ ಅಂದರೆ 26,910. ಅದರ ಮೇಲೆ 18% ಜಿಎಸ್‌ಟಿ. ಹತ್ತಿರ ಹತ್ತಿರ 31,750 ಆಯಿತು. ಅಂದರೆ ನಿಮಗೆ ಹೇಳಿದ 5060 ರೇಟ್ ಸರಿಯಾಗೇ ಇದೆ. 9060 ಎಕ್ಸ್‌ಟಿ 16 ಜಿಬಿ ಅಲ್ಲಿ ಬಂದಾಗ 349 ಡಾಲರ್, ಇಲ್ಲಿ ಲೆಕ್ಕ ಹಾಕಿದರೆ 37 ಸಾವಿರದ ಮೇಲೆ ಸ್ವಲ್ಪ. ಬಿ580 ಅಲ್ಲಿ ಬಂದಾಗ 249, ಇಲ್ಲಿ 26,400. ಮೂರೂ ರೇಟ್ ನ್ಯಾಯವೇ. ಯಾವುದಾದರೂ ಕಾರ್ಡಿಗೆ ಈ ಲೆಕ್ಕಕ್ಕಿಂತ ನಾಲ್ಕೈದು ಸಾವಿರ ಜಾಸ್ತಿ ಹೇಳಿದರೆ ಮಾತ್ರ ಯಾಕೆ ಅಂತ ಕೇಳಬೇಕು. ಹೆಚ್ಚಿನ ಸಲ ಉತ್ತರ "ಮೂರು ಫ್ಯಾನ್ ಇದೆ, ಲೈಟ್ ಇದೆ" ಅಂತ ಇರುತ್ತದೆ. 145 ವಾಟ್ ಕಾರ್ಡಿಗೆ ಮೂರು ಫ್ಯಾನ್ ಯಾಕೆ ಅಂತ ನನಗಂತೂ ಇನ್ನೂ ಅರ್ಥ ಆಗಿಲ್ಲ.

ಈಗ ಬ್ರ್ಯಾಂಡ್ ನಿಷ್ಠೆಯ ಮಾತು. ನಿಮ್ಮ 1060, 6 ಜಿಬಿ, 2016ರಲ್ಲಿ 249 ಡಾಲರ್‌ಗೆ ಬಂತು. ಮೆಮೊರಿ ಬಸ್ (ಮೆಮೊರಿಗೆ ಡೇಟಾ ಹೋಗಿಬರುವ ದಾರಿ) 192 ಬಿಟ್. ಅದೇ ಹೆಸರಲ್ಲಿ 3 ಜಿಬಿ ಕಾರ್ಡ್ ಕೂಡ ಬಿಟ್ಟರು. ಬರೀ ಮೆಮೊರಿ ಕಡಿಮೆ ಅಂದುಕೊಂಡರೆ ಅಲ್ಲ, ಕೋರ್‌ಗಳೂ ಕಡಿಮೆ, 1280 ಬದಲು 1152. ಡಬ್ಬಿ ಮೇಲೆ ಎರಡಕ್ಕೂ 1060. ಆಮೇಲೆ 2021ರಲ್ಲಿ 3060 ಬಂತು, 12 ಜಿಬಿ, 192 ಬಿಟ್. 2023ರಲ್ಲಿ 4060, 8 ಜಿಬಿ, 128 ಬಿಟ್. ಚಿಪ್ ಒಳಗಿನ ಕ್ಯಾಶ್ ಮೆಮೊರಿ ಜಾಸ್ತಿ ಕೊಟ್ಟರು, ಕರೆಂಟ್ ಉಳಿಸಿದರು, ಅದನ್ನು ಒಪ್ಪುತ್ತೇನೆ. ಆದರೆ ಕಾರ್ಡಿನ ಮೆಮೊರಿ ಹಿಂದಕ್ಕೆ ಹೋಯಿತು ಅಲ್ವಾ? 2022ರ ಸೆಪ್ಟೆಂಬರ್‌ನಲ್ಲಿ 4080 ಹೆಸರಲ್ಲೇ 12 ಜಿಬಿ ಕಾರ್ಡ್ ಬಿಡುತ್ತೇವೆ ಅಂತ ಹೇಳಿ, ಜನ ಉಗಿದ ಮೇಲೆ ಅಕ್ಟೋಬರ್‌ನಲ್ಲಿ ವಾಪಸ್ ತಗೊಂಡು, ಮೂರು ತಿಂಗಳು ಬಿಟ್ಟು ಅದನ್ನೇ 4070 ಟಿಐ ಅಂತ 799 ಡಾಲರ್‌ಗೆ ಮಾರಿದರು. ನಿಷ್ಠೆ ಇಟ್ಟವರು ಆಗಲೂ ಸಾಲಲ್ಲಿ ನಿಂತಿದ್ದರು.

ಎನ್‌ವಿಡಿಯಾದ ತಪ್ಪು ಅಂತಲೂ ಹೇಳಲು ಆಗಲ್ಲ. 2025ರ ಜನವರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ಎನ್‌ವಿಡಿಯಾ ಆದಾಯ 130.5 ಶತಕೋಟಿ ಡಾಲರ್. ಅದರಲ್ಲಿ ಡೇಟಾ ಸೆಂಟರ್ ಒಂದರಿಂದಲೇ 115 ಶತಕೋಟಿ. ಗೇಮಿಂಗ್‌ನಿಂದ 11 ಚಿಲ್ಲರೆ. ನೂರು ರೂಪಾಯಿ ಗಲ್ಲಾಪೆಟ್ಟಿಗೆಯಲ್ಲಿ ನಮ್ಮ ಪಾಲು ಒಂಬತ್ತು ರೂಪಾಯಿ. ವಿಜಯಪುರದಲ್ಲಿ ಒಬ್ಬ ಹುಡುಗ ಕೋಪ ಮಾಡಿಕೊಂಡು ಕೆಂಪು ಕಾರ್ಡ್ ತಗೊಂಡರೆ ಅವರಿಗೆ ಗೊತ್ತೂ ಆಗಲ್ಲ.


ಹಸಿರು_ಹುಲಿ (ಬೆಳಗಾವಿ):

ಎನ್‌ವಿಡಿಯಾಗೆ ಇಷ್ಟು ಬೈದಿರಿ, ಎಎಂಡಿ ಏನು ಸಾಧು ಸಂತರಾ? ಅದೇ 9060 ಎಕ್ಸ್‌ಟಿ ಹೆಸರಲ್ಲಿ 8 ಜಿಬಿಯೂ ಇದೆ, 16 ಜಿಬಿಯೂ ಇದೆ. ಆನ್‌ಲೈನ್‌ನಲ್ಲಿ ಅವಸರದಲ್ಲಿ ಆರ್ಡರ್ ಮಾಡುವವನು ಮೋಸ ಹೋಗಲ್ವಾ? 2022ರಲ್ಲಿ 6500 ಎಕ್ಸ್‌ಟಿ ಬಿಟ್ಟರು, 4 ಜಿಬಿ, ಬರೀ ನಾಲ್ಕು ಲೇನ್ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಡೇಟಾ ದಾರಿ), ಅದಕ್ಕೆ 199 ಡಾಲರ್. ಇನ್ನು ಡ್ರೈವರ್. 1060ಗೆ ಎನ್‌ವಿಡಿಯಾ ಒಂಬತ್ತು ವರ್ಷ ಗೇಮ್ ಡ್ರೈವರ್ ಕೊಟ್ಟಿತು. ಎಎಂಡಿ 2025ರ ಅಕ್ಟೋಬರ್ ಕೊನೆಯಲ್ಲಿ 5000, 6000 ಸರಣಿಯನ್ನು ಮೆಂಟೆನೆನ್ಸ್ ಅಂತ ಪಕ್ಕಕ್ಕೆ ಇಟ್ಟಿತು. 6000 ಸರಣಿ ಬಂದಿದ್ದು 2020ರಲ್ಲಿ! ಜನ ಗಲಾಟೆ ಮಾಡಿದ ಮೇಲೆ "ಇಲ್ಲ ಇಲ್ಲ, ಗೇಮ್ ಸಪೋರ್ಟ್ ಮುಂದುವರಿಯುತ್ತದೆ" ಅಂದರು. ಇದಕ್ಕೇನು ಹೇಳುತ್ತೀರಿ?


ಕುಂದಾ_ಕೋರ್ (ಬೆಳಗಾವಿ):

ಏನೂ ಹೇಳಲ್ಲ, ನೀವು ಹೇಳಿದ್ದು ನಿಜ. ಡ್ರೈವರ್ ವಿಷಯದಲ್ಲಿ ಎನ್‌ವಿಡಿಯಾ ದಾಖಲೆ ಚೆನ್ನಾಗಿದೆ. ಡಿಎಲ್‌ಎಸ್‌ಎಸ್ 4ರ ಹೊಸ ಮಾಡೆಲ್ ಕೂಡ 2018ರ 20ರ ಸರಣಿಯವರೆಗೆ ಕೊಟ್ಟರು. ಎಎಂಡಿಯ ಎಫ್‌ಎಸ್‌ಆರ್ 4 (ಡಿಎಲ್‌ಎಸ್‌ಎಸ್ ಥರದ್ದೇ) ಬಂದಾಗ 9000 ಸರಣಿಗೆ ಮಾತ್ರ ಅಂದರು, ಅದಕ್ಕಿಂತ ಹಿಂದಿನ ಕಾರ್ಡ್ ತಗೊಂಡವರು ನೋಡುತ್ತಾ ಕೂತರು. ಎಎಂಡಿಗೆ ಒಂದು ಚಾಳಿ ಇದೆ. ಎನ್‌ವಿಡಿಯಾ ಎಷ್ಟಕ್ಕೆ ಬಿಡುತ್ತದೆ ಅಂತ ಕಾದು ನೋಡಿ, ಅದಕ್ಕಿಂತ ಸ್ವಲ್ಪ ಕಡಿಮೆ ಇಟ್ಟು, ಆರು ತಿಂಗಳಲ್ಲಿ ತಾವೇ ಇಳಿಸುತ್ತಾರೆ. 7900 ಎಕ್ಸ್‌ಟಿ 2022ರಲ್ಲಿ 899 ಡಾಲರ್‌ಗೆ ಬಂದಿತ್ತು, ಮೊದಲ ದಿನ ತಗೊಂಡವರು ಕೈ ಸುಟ್ಟುಕೊಂಡರು. ನಾನು ಕೆಂಪಿನ ಪರ ಮಾತಾಡುತ್ತಿಲ್ಲ. ಇನ್ನೊಂದು ಹೇಳಲಾ? 4060, 5060, 9060 ಎಕ್ಸ್‌ಟಿ, ಬಿ580, ನಾಲ್ಕರ ಚಿಪ್ಪನ್ನೂ ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ನಾವು ಇಲ್ಲಿ ಹಸಿರು, ಕೆಂಪು, ನೀಲಿ ಅಂತ ಹೊಡೆದಾಡುತ್ತಿದ್ದೇವೆ.

@ಗುಮ್ಮಟ_ಗೇಮರ್, ಮದರ್‌ಬೋರ್ಡ್ ಯಾವುದು ಹೇಳಲೇ ಇಲ್ಲ. ಪ್ರೊಸೆಸರ್? ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಎಷ್ಟು ವಾಟ್?


ಗುಮ್ಮಟ_ಗೇಮರ್ (ವಿಜಯಪುರ):

ಪ್ರೊಸೆಸರ್ ರೈಜನ್ 5 3600, ಬೋರ್ಡ್ ಬಿ450, ರ‍್ಯಾಮ್ 16 ಜಿಬಿ. ಎಸ್‌ಎಂಪಿಎಸ್ 450 ವಾಟ್, ಹಳೆಯದು. ಮಾನಿಟರ್ 1080ಪಿ. ಬ್ಲೆಂಡರ್ ಸದ್ಯಕ್ಕೆ ಹವ್ಯಾಸ ಅಷ್ಟೇ ಸ್ಟುಡಿಯೋ ಅಣ್ಣಾ. ಬಿ580 ತಗೊಂಡರೆ ಎಂಟು ಸಾವಿರ ಉಳಿಯುತ್ತದೆ, 12 ಜಿಬಿ ಬೇರೆ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?


ಕುಂದಾ_ಕೋರ್ (ಬೆಳಗಾವಿ):

ನಿಮ್ಮ ಪ್ರೊಸೆಸರ್‌ನಿಂದಾಗಿಯೇ. ಬಿ580 ಬರೀ ಕಾರ್ಡ್ ಲೆಕ್ಕದಲ್ಲಿ ಈ ರೇಟಿಗೆ ಚಲೋ ಮಾಲು. ಆದರೆ ಇಂಟೆಲ್ ಡ್ರೈವರ್ ಪ್ರೊಸೆಸರ್‌ನಿಂದ ಜಾಸ್ತಿ ಕೆಲಸ ತೆಗೆಯುತ್ತದೆ. ಹೊಸ ದುಬಾರಿ ಪ್ರೊಸೆಸರ್ ಹಾಕಿ ಟೆಸ್ಟ್ ಮಾಡಿದಾಗ ಇದು ಕಾಣಲಿಲ್ಲ. 2025ರ ಜನವರಿ ಹೊತ್ತಿಗೆ ವಿಮರ್ಶಕರು ಹಳೆ ರೈಜನ್ ಜೊತೆ ಹಾಕಿ ನೋಡಿದರು, ಕೆಲವು ಗೇಮ್‌ನಲ್ಲಿ ಫ್ರೇಮ್ ದೊಪ್ಪನೆ ಬಿತ್ತು. ಸೋವಿ ಕಾರ್ಡ್ ತಗೊಳ್ಳುವವನ ಹತ್ತಿರ ಇರುವುದೇ ಹಳೆ ಪ್ರೊಸೆಸರ್, ಅವನಿಗೇ ಇದು ಹೊಂದಲ್ಲ. ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಪೂರ್ತಿ ಮೆಮೊರಿ ಒಟ್ಟಿಗೆ ಸಿಗುವ ಸೆಟ್ಟಿಂಗ್) ಕೂಡ ಆನ್ ಇರಲೇಬೇಕು. ಬಿ450ಗೆ ಬಯಾಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಸಿಗುತ್ತದೆ, ಆದರೂ ನಿಮಗೆ ಬೇಡ. ಮುಂದೆ ಇದಕ್ಕಿಂತ ಹೊಸ ಪ್ರೊಸೆಸರ್ ಹಾಕುವುದಿದ್ದರೆ ಆಗ ನೋಡಬಹುದು.

ಎರಡನೇದು ಬೋರ್ಡ್. ಬಿ450ನಲ್ಲಿ ಇರುವುದು ಪಿಸಿಐಇ 3.0 (ಕಾರ್ಡ್ ಕೂರುವ ಸ್ಲಾಟಿನ ಹಳೆ ಆವೃತ್ತಿ). 5060 ಬಳಸುವುದು ಎಂಟು ಲೇನ್ ಮಾತ್ರ. ಹೊಸ ಬೋರ್ಡಿನಲ್ಲಿ ಎಂಟು ಲೇನ್ ಧಾರಾಳ ಸಾಕು, ನಿಮ್ಮ ಬೋರ್ಡಿನಲ್ಲಿ ದಾರಿ ಇಕ್ಕಟ್ಟು. ಕಾರ್ಡಿನ 8 ಜಿಬಿ ತುಂಬದಿರುವವರೆಗೆ ಗೊತ್ತಾಗಲ್ಲ. ತುಂಬಿದ ಕೂಡಲೇ ಟೆಕ್ಸ್ಚರ್‌ಗಳು (ಗೇಮ್‌ನ ಚಿತ್ರಗಳು) ಕಂಪ್ಯೂಟರ್ ರ‍್ಯಾಮ್‌ನಿಂದ ಓಡಾಡಬೇಕು, ಆಗ ಗೇಮ್ ಗಕ್ಕನೆ ನಿಂತು ನಿಂತು ಹೋಗುತ್ತದೆ. 9060 ಎಕ್ಸ್‌ಟಿಗೆ ಹದಿನಾರು ಲೇನ್ ಇದೆ, 16 ಜಿಬಿ ತಗೊಂಡರೆ 1080ಪಿಯಲ್ಲಿ ತುಂಬುವ ಪ್ರಶ್ನೆಯೇ ಇಲ್ಲ. ನಿಮ್ಮ ಪಿಸಿಗೆ ನನ್ನ ಓಟು ಅದಕ್ಕೇ. ಬಣ್ಣ ನೋಡಿ ಹೇಳುತ್ತಿಲ್ಲ, ನಿಮ್ಮ ಬೋರ್ಡ್ ನೋಡಿ ಹೇಳುತ್ತಿದ್ದೇನೆ. ಎನ್‌ವಿಡಿಯಾದಲ್ಲಿ 16 ಜಿಬಿ ಬೇಕು ಅಂದರೆ 5060 ಟಿಐ, ಬಂದಾಗ 429 ಡಾಲರ್, ಇಲ್ಲಿಗೆ 45 ಸಾವಿರ ದಾಟುತ್ತದೆ. ಅದೂ ಎಂಟೇ ಲೇನ್. ವ್ಯಾಲರಂಟ್ ಥರದ ಹಗುರ ಗೇಮ್ ಮಾತ್ರ ಆಡುವುದಾದರೆ ಇಷ್ಟೆಲ್ಲ ಬೇಡ, ನಿಮ್ಮ 1060ನಲ್ಲೇ ಇನ್ನೊಂದು ವರ್ಷ ತಳ್ಳಿ.


ಖಡೇಬಜಾರ್_ಕೌಂಟರ್ (ಬೆಳಗಾವಿ):

ನಾನು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವವನು. ಕೌಂಟರ್ ಈಚೆ ಕಡೆಯಿಂದ ಎರಡು ಮಾತು.

ವಿಜಯಪುರದ ಅಂಗಡಿಯವರು ಬೇರೆಯದು ಬೇಡ ಅಂದಿದ್ದಕ್ಕೆ ಕಾರಣ ಕಾರ್ಡ್ ಕೆಟ್ಟದು ಅಂತಲ್ಲ. ನಮಗೆ ಮಾಲು ಹುಬ್ಬಳ್ಳಿ, ಬೆಂಗಳೂರು, ಪುಣೆಯ ಡಿಸ್ಟ್ರಿಬ್ಯೂಟರ್‌ನಿಂದ ಬರುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ನಮಗೆ ಉಳಿಯುವುದು ಬಹಳ ಕಡಿಮೆ, ಕ್ಯಾಬಿನೆಟ್, ಕೀಬೋರ್ಡ್‌ನಲ್ಲೇ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಎನ್‌ವಿಡಿಯಾ ತರಿಸಿಟ್ಟರೆ ವಾರದಲ್ಲಿ ಹೋಗುತ್ತದೆ. ಎಎಂಡಿ ತರಿಸಿಟ್ಟು ಮೂರು ತಿಂಗಳು ಕೂತರೆ, ಅಷ್ಟರಲ್ಲಿ ರೇಟ್ ಬಿದ್ದರೆ, ನಷ್ಟ ನಮ್ಮದು. ಗಿರಾಕಿ ಕೇಳಲ್ಲ ಅಂತ ನಾವು ಇಡಲ್ಲ, ನಾವು ಇಡಲ್ಲ ಅಂತ ಗಿರಾಕಿ ಕೇಳಲ್ಲ.

ಹಳ್ಳಿ ಕಡೆ ಟ್ರ್ಯಾಕ್ಟರ್ ನೋಡಿದ್ದೀರಲ್ಲ, ಅಲ್ಲೂ ಕೆಂಪು ಹಸಿರು ಅಂತ ಜಗಳ. ಮಹೀಂದ್ರ ಬಿಟ್ಟರೆ ಬೇರೆ ಮುಟ್ಟಲ್ಲ ಅನ್ನುವವನನ್ನು, ಜಾನ್ ಡಿಯರ್ ಬಿಟ್ಟರೆ ಇಲ್ಲ ಅನ್ನುವವನನ್ನು ಕೂರಿಸಿ ಕೇಳಿ. ಕೊನೆಗೆ ಇಬ್ಬರೂ ಹೇಳುವುದು ನಮ್ಮೂರ ಹತ್ತಿರ ಅದರ ಮಿಸ್ತ್ರಿ ಇದ್ದಾನೆ, ಪಾರ್ಟ್ ಸಿಗುತ್ತದೆ ಅಂತ. ಗ್ರಾಫಿಕ್ಸ್ ಕಾರ್ಡಿನಲ್ಲೂ ನೀವು ನೋಡಬೇಕಾದದ್ದು ಅದನ್ನೇ. ಎನ್‌ವಿಡಿಯಾ, ಎಎಂಡಿ ಮಾಡುವುದು ಚಿಪ್. ವಾರಂಟಿ ಕೊಡುವುದು ಡಬ್ಬಿ ಮೇಲೆ ಹೆಸರಿರುವ ಕಂಪನಿ. ಜೋಟ್ಯಾಕ್, ಇನ್ನೋ3ಡಿ ಎನ್‌ವಿಡಿಯಾ ಮಾಡುತ್ತವೆ, ಸಫೈರ್, ಪವರ್‌ಕಲರ್ ಎಎಂಡಿ ಮಾತ್ರ, ಆಸುಸ್, ಗಿಗಾಬೈಟ್ ಎರಡನ್ನೂ. ಕಾರ್ಡ್ ಕೆಟ್ಟಾಗ ನೀವು ಮಾತಾಡುವುದು ಇವರ ಸರ್ವಿಸ್ ಸೆಂಟರ್ ಜೊತೆ. ಅಮೆರಿಕದಲ್ಲಿ ಇವಿಜಿಎ ಅಂತ ಒಂದು ಕಂಪನಿ ಇತ್ತು, ಎನ್‌ವಿಡಿಯಾ ಕಾರ್ಡ್ ಮಾತ್ರ ಮಾಡುತ್ತಿದ್ದರು, ಸರ್ವಿಸ್‌ಗೆ ಭಾರಿ ಹೆಸರು. 2022ರ ಸೆಪ್ಟೆಂಬರ್‌ನಲ್ಲಿ ಈ ಧಂದೆಯೇ ಬೇಡ ಅಂತ ಬಿಟ್ಟರು. ಅಷ್ಟು ವರ್ಷ ನಿಷ್ಠೆ ಇಟ್ಟ ಪಾಲುದಾರರದೇ ಆ ಗತಿ.

ಹೋದ ವರ್ಷ ಒಂದು ಕಾರ್ಡ್ ವಾರಂಟಿಗೆ ಕಳಿಸಿದ್ದೆವು, ಕಂಪನಿ ಹೆಸರು ಬೇಡ. ಗಿರಾಕಿ ಅಥಣಿಯವರು. ತಿಂಗಳುಗಟ್ಟಲೆ ಕಾಯಿಸಿ, ಕೊನೆಗೆ "ಪೋರ್ಟ್ ಹತ್ತಿರ ತುಕ್ಕು ಇದೆ, ವಾರಂಟಿ ಇಲ್ಲ" ಅಂತ ಹಾಗೇ ವಾಪಸ್ ಕಳಿಸಿದರು. ಆ ಗಿರಾಕಿ ಈಗಲೂ ಬೈಯುವುದು ಚಿಪ್ ಕಂಪನಿಯನ್ನು. ಚಿಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ!

ಅದಕ್ಕೇ ತಗೊಳ್ಳುವ ಮುಂಚೆ ಅಂಗಡಿಯವರಿಗೆ ಕೇಳಿ: ಕೆಟ್ಟರೆ ನೀವೇ ಕಳಿಸಿ ಕೊಡುತ್ತೀರಾ, ಇಲ್ಲ ನಾನೇ ಕೊರಿಯರ್ ಮಾಡಬೇಕಾ? ಈ ಒಂದು ಉತ್ತರಕ್ಕೆ ಐನೂರು ರೂಪಾಯಿ ಜಾಸ್ತಿ ಕೊಟ್ಟರೂ ನಡೆಯುತ್ತದೆ.


ಬಾದಾಮಿ_ಬಜೆಟ್ (ಬಾಗಲಕೋಟೆ ಜಿಲ್ಲೆ):

ನಡುವೆ ಬಾಯಿ ಹಾಕುತ್ತೇನೆ. ನನ್ನ ಬಜೆಟ್ 15 ಸಾವಿರ, ಹೊಸದರ ಕನಸೇ ಬೇಡ. ಸೆಕೆಂಡ್ ಹ್ಯಾಂಡ್ 3060 12 ಜಿಬಿ ಒಂದು ಸಿಗುತ್ತಿದೆ. ಮೈನಿಂಗ್ ಕಾರ್ಡ್ (ಕ್ರಿಪ್ಟೋ ನಾಣ್ಯ ಗಳಿಸಲು ಹಗಲು ರಾತ್ರಿ ಓಡಿಸಿದ್ದು) ಅಂತ ಹೆದರಿಸುತ್ತಾರೆ, ತಗೊಳ್ಳಬಹುದಾ?


ಖಡೇಬಜಾರ್_ಕೌಂಟರ್ (ಬೆಳಗಾವಿ):

ಇಥೀರಿಯಮ್ ಮೈನಿಂಗ್ 2022ರ ಸೆಪ್ಟೆಂಬರ್‌ಗೆ ಮುಗಿಯಿತು. ಆಗ ಹೊರಬಿದ್ದ ಕಾರ್ಡುಗಳಲ್ಲಿ ಸಾಯುವಂಥವು ಹೆಚ್ಚುಕಮ್ಮಿ ಇಷ್ಟರಲ್ಲಿ ಸತ್ತಿವೆ ಸರ್. ಫ್ಯಾನ್ ಸದ್ದು ಕೇಳಿ, ಸ್ಕ್ರೂ ಮೇಲೆ ಬಿಚ್ಚಿದ ಗುರುತು ನೋಡಿ, ಎದುರಿಗೇ ಅರ್ಧ ಗಂಟೆ ಭಾರಿ ಗೇಮ್ ಓಡಿಸಿ. ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ಹಾಕಿ ಹೆಸರು ತಾಳೆ ಮಾಡಿ. ಆರ್‌ಎಕ್ಸ್ 580 ಅಂತ ಹೇಳಿ 2048ಎಸ್‌ಪಿ ಕೊಡುವವರು ಬಹಳ ಇದ್ದಾರೆ, ಅದು ಕೋರ್ ಕಡಿಮೆ ಇರುವ ಕಾರ್ಡ್, ಅಸಲಿಯಲ್ಲಿ 2304 ಇರುತ್ತದೆ. 3060 12 ಜಿಬಿ ಚಲೋ ಕಾರ್ಡ್, ಬಿಲ್ ಇಲ್ಲದಿದ್ದರೆ ರೇಟ್ ಎಳೆಯಿರಿ.


ಹಸಿರು_ಹುಲಿ (ಬೆಳಗಾವಿ):

ನೋಡಿ, ಸೆಕೆಂಡ್ ಹ್ಯಾಂಡ್ ಅಂದ ಕೂಡಲೇ ಬಂದಿದ್ದು ಎನ್‌ವಿಡಿಯಾ. ನಾನು ಹೇಳಿದ್ದು ಅದನ್ನೇ 😄


ಗುಮ್ಮಟ_ಗೇಮರ್ (ವಿಜಯಪುರ):

9060 ಎಕ್ಸ್‌ಟಿ 16 ಜಿಬಿಗೆ ಮನಸ್ಸು ವಾಲಿದೆ. ಮನೆಯಲ್ಲಿ ಎರಡೂವರೆ ಸಾವಿರ ಜಾಸ್ತಿ ಕೇಳಬೇಕು, ಅದೇ ದೊಡ್ಡ ಕೆಲಸ. ಮುಂದಿನ ತಿಂಗಳವರೆಗೆ ಕಾದರೆ ಕಡಿಮೆ ಆಗುತ್ತದಾ? ಎಸ್‌ಎಂಪಿಎಸ್ ಅದೇ ಇರಲಾ?


ಕುಂದಾ_ಕೋರ್ (ಬೆಳಗಾವಿ):

ಕಾಯಬೇಡಿ. 2025ರ ಕೊನೆಯಿಂದ ಮೆಮೊರಿ ಚಿಪ್ ರೇಟ್ ಸಿಕ್ಕಾಪಟ್ಟೆ ಏರಿದೆ. ಎಐ ಸರ್ವರ್‌ಗಳಿಗೇ ಎಲ್ಲ ಮಾಲು ಹೋಗುತ್ತಿದೆ. ಮೆಮೊರಿ ತಯಾರಿಸುವ ಮೈಕ್ರಾನ್ ಅಂತೂ ಡಿಸೆಂಬರ್‌ನಲ್ಲಿ ನಮ್ಮಂಥ ಗ್ರಾಹಕರಿಗೆ ಮಾರುವ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂದಿತು. 16 ಜಿಬಿ ಇರುವ ಕಾರ್ಡಿಗೆ ಅದರ ಬಿಸಿ ಮೊದಲು ತಟ್ಟುತ್ತದೆ.

ಎಸ್‌ಎಂಪಿಎಸ್ ಮಾತ್ರ ಬದಲಿಸಿ. 1060 ತಿನ್ನುತ್ತಿದ್ದದ್ದು 120 ವಾಟ್, ಇದು 160. ಲೆಕ್ಕದಲ್ಲಿ 450 ಸಾಕು, ಆದರೆ ಹಳೆಯದು ಅಂತ ನೀವೇ ಹೇಳಿದ್ದೀರಿ. ವಿಜಯಪುರದ ಏಪ್ರಿಲ್ ಬಿಸಿಲು, ಧೂಳು, ಹೋಗಿ ಬರುವ ಕರೆಂಟ್, ಎಲ್ಲ ಸೇರಿದರೆ ಅದನ್ನು ನಾನು ನಂಬಲ್ಲ. 550 ವಾಟ್, ಬ್ರಾಂಜ್ ರೇಟಿಂಗ್ ಇರುವುದು ಒಂದು ತಗೊಳ್ಳಿ. ಆ ರೊಕ್ಕ ಹೊಂದದಿದ್ದರೆ 1060 ಮಾರಿ, ಇನ್ನೂ ಗಿರಾಕಿ ಇದ್ದಾರೆ.


ಖಡೇಬಜಾರ್_ಕೌಂಟರ್ (ಬೆಳಗಾವಿ):

ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬಿ ಬಿಸಾಡಬೇಡಿ. ಹಳೆ ಡ್ರೈವರನ್ನು ಡಿಡಿಯು ಅನ್ನೋ ಸಾಫ್ಟ್‌ವೇರ್ ಹಾಕಿ ಪೂರ್ತಿ ತೆಗೆದ ಮೇಲೆ ಹೊಸ ಕಾರ್ಡ್ ಕೂರಿಸಿ. ಎನ್‌ವಿಡಿಯಾದಿಂದ ಎಎಂಡಿಗೆ ಹೋದವರು ಮೊದಲ ವಾರ ಮಾಡುವ ಕಂಪ್ಲೇಂಟ್‌ಗಳಲ್ಲಿ ಅರ್ಧ ಇದೊಂದನ್ನು ಮಾಡದೇ ಬಂದಿದ್ದು.